‘ಹೇಗೂ ಮನೆಯಲ್ಲೇ ಇದ್ದೀರಲ್ಲ!’



ಪ್ರತಿ ತಿಂಗಳ ಮೊದಲ ಶುಕ್ರವಾರ ಧರ್ಮಕೇಂದ್ರದ ಕಾಯಿಲೆಯವರ ಮನೆಗಳಿಗೆ ಪರಮ ಪ್ರಸಾದ ಕೊಂಡೊಯ್ಯುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ರೂಢಿ. ಗುರುಗಳು ಬರುತ್ತಾರೆಂದು ಮನೆಯವರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆ ಇಟ್ಟು, ಎರಡು ಮೇಣದ ಬತ್ತಿ ಹಚ್ಚಿ ಕಾದಿರುತ್ತಾರೆ. ಕೆಲವು ತಿಂಗಳ ಹಿಂದೆ ಇಂತಹದೇ ಒಂದು ಶುಕ್ರವಾರ ಬೆಂಗಳೂರಿನ ಒಂದು ಮನೆಗೆ ಹೋಗಿದ್ದೆ. ಮನೆಯ ಯಜಮಾನರಿಗೆ ಮೂವತ್ತಾರು ವಯಸ್ಸು. ಬೆನ್ನುಮೂಳೆಯ ಡಿಸ್ಕ್ ಜಾರಿ, ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನಗಳಾಗಿದ್ದವು. ಆರು ವಾರ ವಿಶ್ರಾಂತಿ ಬೇಕು, ಹೆಚ್ಚು ಹೊತ್ತು ಕೂರಬಾರದು ಎಂದು ವೈದ್ಯರು ಬರೆದುಕೊಟ್ಟಿದ್ದರು.

ನಾನು ಕೋಣೆಗೆ ಕಾಲಿಟ್ಟಾಗ ಆತ ಅಂಗಾತ ಮಲಗಿ, ಹೊಟ್ಟೆಯ ಮೇಲೊಂದು ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರು. ನನ್ನನ್ನು ಕಂಡು ನಾಚಿಕೆಯಿಂದ ಅದನ್ನು ಪಕ್ಕಕ್ಕೆ ಸರಿಸಿದರು. ಪ್ರಾರ್ಥನೆ ಆರಂಭಿಸಿದ್ದೆ, ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಆತ ಒಮ್ಮೆ ಫೋನ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಒಂದೇ ನಿಮಿಷ ಫಾದರ್, ತೆಗೆಯದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ” ಎಂದರು. ಆ ಒಂದು ನಿಮಿಷ ಏಳೆಂಟು ನಿಮಿಷಗಳಾದವು. ಯಾವುದೋ ಬಿಲ್ಲು, ಯಾವುದೋ ಒಟಿಪಿ, ಯಾವುದೋ ಪಾಸ್‌ವರ್ಡ್. ಎದೆಯ ಮೇಲಿನ ಪುಟ್ಟ ಸಂಪುಟದಲ್ಲಿ ಪ್ರಭುವನ್ನು ಇರಿಸಿಕೊಂಡು ನಾನು ಕುರ್ಚಿಯಲ್ಲಿ ಕುಳಿತಿದ್ದೆ. ಬಾಗಿಲಲ್ಲಿ ನಿಂತಿದ್ದ ಅವರ ವಯಸ್ಸಾದ ತಾಯಿ, “ದಿನಾ ಹೀಗೇ ಸ್ವಾಮಿ, ಆಸ್ಪತ್ರೆಯಲ್ಲೂ ಬಿಡಲಿಲ್ಲ” ಎಂದು ಮೆಲ್ಲಗೆ ಹೇಳಿದರು.

ಪರಮ ಪ್ರಸಾದ ಸ್ವೀಕರಿಸಿದ ಮೇಲೆ ಆತ ಒಂದು ಪ್ರಶ್ನೆ ಕೇಳಿದರು. ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಮನೆಯವರೆಲ್ಲರ ಎದುರಿಗೇ ಕೇಳಿದ್ದು. ಇಲ್ಲಿ ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ. “ಫಾದರ್, ನಾನು ಫೋನ್ ಆಫ್ ಮಾಡಿ ಮಲಗಿಬಿಟ್ಟರೆ ಪಾಪವೇ? ಈ ತಿಂಗಳೂ ಸಂಬಳ ಕೊಡುತ್ತಿದ್ದಾರೆ. ‘ಹೇಗೂ ಮನೆಯಲ್ಲೇ ಇದ್ದೀರಲ್ಲ, ಸ್ವಲ್ಪ ನೋಡಿಬಿಡಿ’ ಅಂತಾರೆ. ಅದೂ ನ್ಯಾಯವೇ ಅನಿಸುತ್ತದೆ. ಇಲ್ಲ ಎನ್ನಲು ಬಾಯಿ ಬರುವುದಿಲ್ಲ.”

ಅಂದು ಅವಸರದಲ್ಲಿ, “ಆರೋಗ್ಯ ನೋಡಿಕೊಳ್ಳಿ, ದೇವರಿದ್ದಾರೆ” ಎಂದು ಹೇಳಿ ಬಂದೆ. ಅದು ಸಮಾಧಾನದ ಮಾತಾಯಿತೇ ಹೊರತು ಉತ್ತರವಾಗಲಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಇದೆ. ಆದ್ದರಿಂದ ಅಂದು ಕೊಡದ ಉತ್ತರವನ್ನು ಇಂದು ನಿಮ್ಮೆಲ್ಲರ ಜೊತೆ ಕುಳಿತು ಯೋಚಿಸಬಯಸುತ್ತೇನೆ.

ಮೊದಲು ಮಾಲೀಕರ ಮಾತು ಕೇಳೋಣ

ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಡುವುದು ನ್ಯಾಯವಲ್ಲ. ಆತ ಲೆಕ್ಕಪತ್ರ ನೋಡಿಕೊಳ್ಳುವುದು ಒಂದು ಸಣ್ಣ ಖಾಸಗಿ ಸಂಸ್ಥೆಯಲ್ಲಿ. ಅಲ್ಲಿ ಆ ಕೆಲಸ ಬಲ್ಲವರು ಅವರೊಬ್ಬರೇ. ತಿಂಗಳು ಹುಟ್ಟಿದರೆ ಸಿಬ್ಬಂದಿಯ ಸಂಬಳ ಆಗಬೇಕು. 7ನೆಯ ತಾರೀಖಿನೊಳಗೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಮಾರಾಟದ ವಿವರ, 20ಕ್ಕೆ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು. ತಡವಾದರೆ ದಿನಲೆಕ್ಕದ ದಂಡ, ತೆರಿಗೆ ಬಾಕಿಯ ಮೇಲೆ ಬಡ್ಡಿ. ಒಟಿಪಿ ಬರುವುದು ಈ ಕಾಯಿಲೆಯ ಮನುಷ್ಯನ ಮೊಬೈಲಿಗೆ. ಹೀಗಿರುವಾಗ ಮಾಲೀಕರು ಫೋನ್ ಮಾಡಿದರೆ ಅವರನ್ನು ಕ್ರೂರಿ ಎನ್ನಲು ನಾನು ಸಿದ್ಧನಿಲ್ಲ. ಅವರಿಗೂ ರಾತ್ರಿ ನಿದ್ದೆ ಬರುತ್ತಿರಲಿಕ್ಕಿಲ್ಲ. ಅವರನ್ನು ನಂಬಿ ಇನ್ನೂ ಹತ್ತು ಸಂಸಾರಗಳಿವೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತಂದು ಊರಿನ ಜಾತ್ರೆಗೋ ಮದುವೆಗೋ ಹೋಗುವವರು ನಮ್ಮಲ್ಲಿ ಇಲ್ಲವೆನ್ನಲಾರೆ. ಅದು ಸುಳ್ಳು, ಜೊತೆಗೆ ಕಳ್ಳತನ. ಕಳ್ಳತನ ಮಾಲೀಕನಿಂದ ಮಾತ್ರವಲ್ಲ, ಅವರ ಪಾಲಿನ ಕೆಲಸವನ್ನು ಹೊರುವ ಜೊತೆಗಾರನಿಂದಲೂ. ನಾಳೆ ನಿಜವಾಗಿ ಕಾಯಿಲೆ ಬಿದ್ದವನ ಮಾತನ್ನು ಯಾರೂ ನಂಬದಂತೆ ಮಾಡುವವರೂ ಇವರೇ.

ಇಷ್ಟನ್ನು ಒಪ್ಪಿಕೊಂಡ ಮೇಲೂ ಪ್ರಶ್ನೆ ಉಳಿಯುತ್ತದೆ. ನಿಜವಾಗಿ ಕಾಯಿಲೆಯಾದವನು, ನ್ಯಾಯವಾಗಿ ರಜೆ ಪಡೆದವನು, ಮನೆಯಲ್ಲಿ ಮಲಗಿರುವನೆಂಬ ಕಾರಣಕ್ಕೆ ಕೆಲಸಕ್ಕೆ ಸಿಗಬೇಕೇ?

ಬಾಗಿಲ ಹೊರಗೆ ನಿಲ್ಲುವ ಧರ್ಮ

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿ ಒಂದು ಪುಟ್ಟ ನಿಯಮವಿದೆ. ಓದುವಾಗ ನಾವು ಗಮನಿಸದೆ ದಾಟಿಹೋಗುವಂಥದ್ದು. ನೆರೆಯವನಿಗೆ ಸಾಲ ಕೊಟ್ಟವನು ಅಡವು ತೆಗೆದುಕೊಳ್ಳಲು ಅವನ ಮನೆಯೊಳಗೆ ನುಗ್ಗಬಾರದು, ಬಾಗಿಲ ಹೊರಗೇ ನಿಲ್ಲಬೇಕು, ಸಾಲ ಪಡೆದವನೇ ಒಳಗಿನಿಂದ ಅಡವನ್ನು ತಂದುಕೊಡಬೇಕು. ಅಡವಿಟ್ಟವನು ಬಡವನಾದರೆ ಅವನ ಹೊದಿಕೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕು, ಅವನು ಹೊದ್ದು ಮಲಗಬೇಕಲ್ಲ.

ಗಮನಿಸಿ, ಇಲ್ಲಿ ಸಾಲ ಸುಳ್ಳಲ್ಲ. ಕೊಟ್ಟವನಿಗೆ ಕೇಳುವ ಹಕ್ಕಿದೆ. ಆದರೂ ಆ ಹಕ್ಕು ಹೊಸ್ತಿಲಲ್ಲಿ ನಿಲ್ಲುತ್ತದೆ. ಹೊಸ್ತಿಲಿನ ಒಳಗೆ ಮನುಷ್ಯ ಸಾಲಗಾರನಲ್ಲ. ಅವನು ಗಂಡ, ತಂದೆ, ಮಗ. ಹೊದ್ದು ಮಲಗುವ ಒಂದು ದೇಹ. ನ್ಯಾಯವಾದ ಬೇಡಿಕೆಗೂ ಒಂದು ಗಡಿಯಿದೆ, ಆ ಗಡಿ ಬಡವನ ಬಾಗಿಲು ಎಂಬುದು ದೇವರ ಕಟ್ಟಳೆ.

ಹಿಂದೆ ಈ ಗಡಿಯನ್ನು ಕಾಯುವ ಕಷ್ಟ ನಮಗಿರಲಿಲ್ಲ. ಕಡತ ಕಚೇರಿಯಲ್ಲಿತ್ತು, ಕಾಯಿಲೆಯವನು ಮನೆಯಲ್ಲಿದ್ದ. ನಡುವೆ ಬಸ್ಸು, ದಾರಿ, ಬೀಗ ಹಾಕಿದ ಬೀರು. ರಜೆಯೆಂದರೆ ತಾನಾಗಿಯೇ ವಿಶ್ರಾಂತಿಯಾಗುತ್ತಿತ್ತು. 2020ರ ಕೊರೋನಾ ಕಾಲದಲ್ಲಿ ಕಚೇರಿ ಮನೆಯೊಳಗೆ ಬಂತು. ಆಗ ಅದು ಅನೇಕರ ಅನ್ನವನ್ನು ಉಳಿಸಿತು, ಅದಕ್ಕಾಗಿ ದೇವರಿಗೆ ಕೃತಜ್ಞರಾಗಿರಬೇಕು. ಆದರೆ ರೋಗ ಹೋದ ಮೇಲೂ ಕಚೇರಿ ಮನೆಯೊಳಗೇ ಉಳಿಯಿತು. ಈಗ ಅದು ಮಲಗುವ ಕೋಣೆಯ ದಿಂಬಿನ ಮೇಲೆ ಕುಳಿತಿದೆ. ಹಿಂದೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಈಗ ಮನಸ್ಸಾಕ್ಷಿ ಮಾಡಬೇಕಾಗಿದೆ.

‘ಹೇಗೂ ಮನೆಯಲ್ಲೇ ಇದ್ದೀರಲ್ಲ’ ಎಂಬ ಮಾತಿನ ತಪ್ಪು ಇಲ್ಲಿದೆ. ಕಾಯಿಲೆಯ ರಜೆ ಎಂಬುದು ಸ್ಥಳಕ್ಕೆ ಸಂಬಂಧಿಸಿದ್ದಲ್ಲ, ದೇಹಕ್ಕೆ ಸಂಬಂಧಿಸಿದ್ದು. ಆತ ಮನೆಯಲ್ಲಿರುವುದು ಬಿಡುವಾಗಿರುವುದರಿಂದಲ್ಲ, ಬೇರೆಲ್ಲೂ ಇರಲಾಗದ್ದರಿಂದ.

ಸಂಬಳ ಕೊಡುತ್ತಿದ್ದಾರಲ್ಲ ಎಂಬ ಅಳುಕಿಗೂ ಉತ್ತರವಿದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, ಕಾಯಿಲೆ ಅಥವಾ ಅಪಘಾತದಂತಹ ಕಾರಣಗಳಿಗಾಗಿ ವರ್ಷಕ್ಕೆ 12 ದಿನಗಳವರೆಗೆ ವೇತನಸಹಿತ ರಜೆಯನ್ನು ನೌಕರನ ಹಕ್ಕಾಗಿ ಕೊಟ್ಟಿದೆ. ಅದರ ಮೇಲೆ ಆತ ಬಳಸುತ್ತಿರುವುದು ವರ್ಷಗಟ್ಟಲೆ ದುಡಿದು ಉಳಿಸಿದ ಗಳಿಕೆ ರಜೆ. ಹೆಸರೇ ಹೇಳುವಂತೆ ಅದು ಗಳಿಸಿದ್ದು, ದಾನವಲ್ಲ. 1948ರ ನೌಕರರ ರಾಜ್ಯ ವಿಮಾ ಕಾಯಿದೆಯೂ ಇದೇ ತತ್ವವನ್ನು ಇನ್ನೊಂದು ಬಗೆಯಲ್ಲಿ ಹೇಳಿತು: ದುಡಿದ ದಿನಕ್ಕೆ ಕಾಯಿಲೆ ಭತ್ಯೆಯಿಲ್ಲ. ಅಂದರೆ ಒಂದು ದಿನ ದುಡಿಮೆಯದ್ದಾಗಿರಬೇಕು, ಇಲ್ಲವೇ ಕಾಯಿಲೆಯದ್ದಾಗಿರಬೇಕು. ಎರಡೂ ಒಟ್ಟಿಗೆ ಆಗದು. ರಜೆಯನ್ನೂ ಲೆಕ್ಕದಿಂದ ಕಳೆದು, ದುಡಿಮೆಯನ್ನೂ ಪಡೆದರೆ ಅದು ಒಂದು ವಸ್ತುವನ್ನು ಎರಡು ಬಾರಿ ಕೊಂಡೊಯ್ದಂತೆ. ಏಳನೆಯ ಕಟ್ಟಳೆ ಇದಕ್ಕೆ ಏನು ಹೆಸರಿಡುತ್ತದೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

‘ಬೆನ್ನು ತಾನೇ, ತಲೆ ಚೆನ್ನಾಗಿದೆಯಲ್ಲ’

ಇನ್ನೊಂದು ವಾದವಿದೆ. ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದವನನ್ನು ಯಾರೂ ಕೆಲಸಕ್ಕೆ ಕೇಳುವುದಿಲ್ಲ. ಆದರೆ ಕಾಲು ಮುರಿದವನ, ಬೆನ್ನಿನ ಶಸ್ತ್ರಚಿಕಿತ್ಸೆಯಾದವನ ಬುದ್ಧಿಗೇನಾಗಿದೆ? ಕೈಬೆರಳು ಆಡುತ್ತವಲ್ಲ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ಪಾಠವನ್ನು ನಾವು ಬಾಯಿಪಾಠ ಮಾಡಿದ್ದೆವು. ಮನುಷ್ಯನೆಂದರೆ ದೇಹವೆಂಬ ಬಾಡಿಗೆ ಮನೆಯಲ್ಲಿ ಕುಳಿತ ಆತ್ಮವಲ್ಲ. ಆತ್ಮ ಮತ್ತು ದೇಹ ಕೂಡಿ ಒಬ್ಬ ಮನುಷ್ಯ. 1312ರಲ್ಲಿ ವಿಯೆನ್ ಮಹಾಸಭೆಯೂ ಇದನ್ನೇ ಧರ್ಮಸಭೆಯ ಬೋಧನೆಯಾಗಿ ಸಾರಿತು. ಪರೀಕ್ಷೆಗೆ ಓದಿದ ಈ ಮಾತು ಎಷ್ಟು ನಿಜವೆಂಬುದು ನನಗೆ ಕಾಯಿಲೆಯವರ ಮಂಚದ ಪಕ್ಕದಲ್ಲಿ ತಿಳಿಯಿತು. ಬೆನ್ನು ನೋಯುವಾಗ ನೋಯುವುದು ಬೆನ್ನಲ್ಲ, ಆ ಮನುಷ್ಯ. ನೋವಿನ ಮಾತ್ರೆ ನುಂಗಿ, ರಾತ್ರಿ ಮಗ್ಗುಲು ಬದಲಿಸಲಾಗದೆ ಎದ್ದಿದ್ದು, ಬೆಳಿಗ್ಗೆ ಪಟ್ಟಿಯಲ್ಲಿ ಸೊನ್ನೆ ತಪ್ಪಿ ಹಾಕಿದವನ ತಲೆ ‘ಚೆನ್ನಾಗಿದೆ’ ಎನ್ನುವುದು ಹೇಗೆ? ಬೆನ್ನನ್ನು ವೈದ್ಯರಿಗೆ, ತಲೆಯನ್ನು ಕಚೇರಿಗೆ ಎಂದು ಮನುಷ್ಯನನ್ನು ಪಾಲು ಮಾಡಲು ಬರುವುದಿಲ್ಲ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಕಟ್ಟಳೆಯ ವಿವರಣೆಯಲ್ಲೇ ದೇಹಾರೋಗ್ಯದ ಮಾತನ್ನೂ ಸೇರಿಸಿದೆ. ಆರೋಗ್ಯ ದೇವರು ನಮ್ಮ ಕೈಗೊಪ್ಪಿಸಿದ ಕೊಡುಗೆ, ಅದನ್ನು ತಕ್ಕಮಟ್ಟಿಗೆ ಕಾಪಾಡಿಕೊಳ್ಳುವುದು ಕರ್ತವ್ಯ ಎಂದು ಅದು ಕಲಿಸುತ್ತದೆ. ಆದ್ದರಿಂದ ಆ ಸಹೋದರರ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಫೋನ್ ಆಫ್ ಮಾಡಿ ಮಲಗುವುದು ಪಾಪವೇ ಎಂದಲ್ಲ. ವೈದ್ಯರ ಮಾತು ಮೀರಿ, ಹೆಂಡತಿ ಮಕ್ಕಳಿಗೆ ಬೇಕಾದ ಆ ಬೆನ್ನನ್ನು ಸಂಕಟಕ್ಕೆ ಒಡ್ಡುವುದು ಸರಿಯೇ ಎಂದು.

‘ಆತನೇ ಒಪ್ಪಿಕೊಂಡನಲ್ಲ’

ನಾನು ಬಲವಂತ ಮಾಡಲಿಲ್ಲ, ಕೇಳಿದೆ, ಆತನೇ ಆಗಲಿ ಎಂದ ಎಂದು ಮಾಲೀಕರು ಹೇಳಬಹುದು. ಇಲ್ಲಿ ಅರಿಸ್ಟಾಟಲನ ಒಂದು ಉದಾಹರಣೆ ನೆನಪಾಗುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನವರು ತಮ್ಮ ಸರಕನ್ನು ತಾವೇ ಎತ್ತಿ ಸಮುದ್ರಕ್ಕೆ ಎಸೆಯುತ್ತಾರೆ. ಅವರ ಕೈಯನ್ನು ಯಾರೂ ಹಿಡಿದು ಎಳೆಯಲಿಲ್ಲ, ನಿಜ. ಆದರೆ ಬಿರುಗಾಳಿ ಇಲ್ಲದಿದ್ದರೆ ಯಾರಾದರೂ ತಮ್ಮ ಸರಕನ್ನು ನೀರಿಗೆ ಎಸೆಯುತ್ತಾರೆಯೇ? ಭಯದಿಂದ ಮಾಡಿದ ಕೆಲಸದಲ್ಲಿ ಇಚ್ಛೆಯೂ ಇದೆ, ಅನಿಚ್ಛೆಯೂ ಇದೆ ಎಂದು ಸಂತ ಥಾಮಸರು ಈ ಉದಾಹರಣೆಯನ್ನು ವಿವರಿಸುತ್ತಾರೆ.

ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಫೀಜು, ‘ನಿಮ್ಮ ಜಾಗಕ್ಕೆ ಹತ್ತು ಜನ ಸಿಗುತ್ತಾರೆ’ ಎಂದು ಯಾವಾಗಲೋ ಕಿವಿಗೆ ಬಿದ್ದ ಮಾತು, ಇವೆಲ್ಲ ಸೇರಿದ್ದು ಆ ಬಿರುಗಾಳಿ. ಅದರೊಳಗಿನಿಂದ ಬಂದ ‘ಆಗಲಿ ಸಾರ್’ ಎಂಬುದನ್ನು ಸ್ವಂತ ಇಚ್ಛೆಯೆಂದು ಎಣಿಸುವುದು ನ್ಯಾಯವಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಕೂಲಿಯ ವಿಷಯವಾಗಿ ಇದನ್ನೇ ಬೋಧಿಸಿದರು. ಗತಿಯಿಲ್ಲದೆ ಅಥವಾ ಭಯದಿಂದ ಕಾರ್ಮಿಕ ಕಠಿಣ ಷರತ್ತಿಗೆ ಒಪ್ಪಿದರೆ, ಒಪ್ಪಿಗೆ ಇದ್ದರೂ ಅದು ಅನ್ಯಾಯವೇ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ತಮ್ಮ ಹೆಸರನ್ನು ಆರಿಸಿಕೊಂಡ ಕಾರಣ ಹೇಳುವಾಗ ಈ ವಿಶ್ವಪತ್ರವನ್ನೇ ನೆನೆದರು. ಕಾರ್ಖಾನೆಯ ಕಾಲದಲ್ಲಿ ಎದ್ದ ಪ್ರಶ್ನೆಗಳು ಹೊಸ ಯಂತ್ರಗಳ ಕಾಲದಲ್ಲಿ ಮತ್ತೆ ಎದ್ದಿವೆ ಎಂಬುದು ಅವರ ಮಾತಿನ ತಿರುಳಾಗಿತ್ತು.

ಹಾಗಾದರೆ ಹಾಸಿಗೆಯಿಂದ ಏನನ್ನೂ ಮಾಡಬಾರದೇ? ಜಗದ್ಗುರು ಫ್ರಾನ್ಸಿಸರು 2025ರ ಫೆಬ್ರವರಿ, ಮಾರ್ಚ್‌ನಲ್ಲಿ ಜೆಮೆಲ್ಲಿ ಆಸ್ಪತ್ರೆಯಲ್ಲಿದ್ದಾಗಲೂ ಯುದ್ಧದಲ್ಲಿ ನಲುಗುತ್ತಿದ್ದ ಗಾಜಾದ ಧರ್ಮಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸುತ್ತಿದ್ದರಲ್ಲ? ಹೌದು, ಮಾಡುತ್ತಿದ್ದರು. ಆದರೆ ಆ ಕರೆ ಹೋದ ದಿಕ್ಕನ್ನು ನೋಡಿ. ಅದು ಹಾಸಿಗೆಯಿಂದ ಹೊರಗೆ ಹೋದದ್ದು, ಪ್ರೀತಿ ಕೊಟ್ಟದ್ದು. ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಜಗದ್ಗುರುಗಳು ತಾವಾಗಿ ಮಾಡಿದ್ದನ್ನು ನೆಪಮಾಡಿಕೊಂಡು ನಾವು ಇನ್ನೊಬ್ಬನ ದಿಂಬಿನ ಪಕ್ಕದ ಫೋನನ್ನು ಬಾರಿಸುವ ಹಾಗಿಲ್ಲ.

ಕಾದು ನಿಂತ ವಿಶ್ವಪತ್ರ

ದುಡಿಮೆಯ ಕುರಿತು ಸಂತ ಎರಡನೆಯ ಜಾನ್ ಪೌಲರು ಬರೆದ ‘ಲಬೋರೆಂ ಎಕ್ಸೆರ್ಚೆನ್ಸ್’ ಎಂಬ ವಿಶ್ವಪತ್ರದ ಕಥೆ ನಿಮಗೆ ಗೊತ್ತಿರಬಹುದು. ‘ರೇರುಂ ನೊವಾರುಂ’ಗೆ 90 ವರ್ಷ ತುಂಬುವ ದಿನ, 1981ರ ಮೇ 15ರಂದು, ಅದು ಪ್ರಕಟವಾಗಬೇಕಿತ್ತು. ಎರಡು ದಿನ ಮೊದಲು, ಮೇ 13ರಂದು, ಸಂತ ಪೇತ್ರರ ಚೌಕದಲ್ಲಿ ಅವರಿಗೆ ಗುಂಡೇಟು ಬಿತ್ತು. ವಿಶ್ವಪತ್ರ ನಿಂತಿತು. ಆಸ್ಪತ್ರೆಯಿಂದ ಬಂದ ಮೇಲೆ ಅದನ್ನು ಕೊನೆಯ ಬಾರಿ ತಿದ್ದಿ, ಸೆಪ್ಟೆಂಬರ್ 14ರ ಪವಿತ್ರ ಶಿಲುಬೆಯ ಹಬ್ಬದಂದು ಸಹಿ ಹಾಕಿದರು. ಆಸ್ಪತ್ರೆಯಲ್ಲಿದ್ದ ಕಾರಣ ತಡವಾಯಿತೆಂದು ಪತ್ರದ ಕೊನೆಯಲ್ಲಿ ಅವರೇ ಬರೆದಿದ್ದಾರೆ.

ಇದನ್ನು ನಾನು ಆಗಾಗ ನೆನೆಯುತ್ತೇನೆ. 90 ವರ್ಷಕ್ಕೊಮ್ಮೆ ಬರುವ ದಿನ ತಪ್ಪಿಹೋಯಿತು, ಧರ್ಮಸಭೆ ನಾಲ್ಕು ತಿಂಗಳು ಕಾಯಿತು, ಏನೂ ಮುಳುಗಲಿಲ್ಲ. ದುಡಿಮೆ ಮನುಷ್ಯನಿಗಾಗಿ ಇದೆ, ಮನುಷ್ಯ ದುಡಿಮೆಗಾಗಿ ಅಲ್ಲ ಎಂದು ಕಲಿಸಿದ ಪತ್ರವೇ ಒಬ್ಬ ಗಾಯಾಳು ಗುಣವಾಗಲೆಂದು ಕಾದು ನಿಂತಿತು. ನಮ್ಮ ಕಚೇರಿಯ ಕಡತ ಅದಕ್ಕಿಂತ ಅವಸರದ್ದೇ?

ಇಬ್ಬರು ಯಜಮಾನರು

ಪವಿತ್ರಗ್ರಂಥದಲ್ಲಿ ಕಾಯಿಲೆ ಬಿದ್ದ ಆಳಿನ ಇಬ್ಬರು ಯಜಮಾನರಿದ್ದಾರೆ. ಒಬ್ಬ ಅಮಾಲೇಕ್ಯನು. ಸಮುವೇಲನ ಮೊದಲನೆಯ ಗ್ರಂಥದ 30ನೆಯ ಅಧ್ಯಾಯದಲ್ಲಿ ಅವನ ಮಾತು ಬರುತ್ತದೆ. ಲೂಟಿ ಮಾಡಿ ಹಿಂದಿರುಗುವಾಗ ಅವನ ಈಜಿಪ್ಟ್ ದೇಶದ ಆಳು ಕಾಯಿಲೆ ಬಿದ್ದ. ಯಜಮಾನ ಅವನನ್ನು ಬಯಲಲ್ಲೇ ಬಿಟ್ಟು ಹೋದ. ಮೂರು ದಿನ ಅನ್ನ ನೀರಿಲ್ಲದೆ ಬಿದ್ದಿದ್ದ ಆ ಹುಡುಗನಿಗೆ ದಾವೀದನ ಜನ ರೊಟ್ಟಿ, ನೀರು, ಅಂಜೂರ, ಒಣದ್ರಾಕ್ಷಿ ಕೊಟ್ಟು ಎಬ್ಬಿಸಿದರು. ಕೆಲಸಕ್ಕೆ ಬಂದಷ್ಟು ದಿನ ಆಳು, ಬಾರದಾದಾಗ ಕಸ. ಇದು ಮೊದಲ ಯಜಮಾನನ ರೀತಿ.

ಇನ್ನೊಬ್ಬ ಕಫೆರ್ನವುಮಿನ ಶತಾಧಿಪತಿ. ನೂರು ಸೈನಿಕರಿಗೆ ಹೋಗು ಎಂದರೆ ಹೋಗುವ, ಬಾ ಎಂದರೆ ಬರುವ ಅಭ್ಯಾಸ ಮಾಡಿಸಿದವನು. ಆದರೆ ಮಂಚ ಹಿಡಿದ ಆಳಿಗೆ ಅವನು ಆಜ್ಞೆ ಮಾಡಲಿಲ್ಲ. ಆಳಿಗಾಗಿ ತಾನು ಬೇಡಿದ. ಅಧಿಕಾರವುಳ್ಳವನು ಕಾಯಿಲೆಯವನ ಮುಂದೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಪ್ರತಿ ಬಲಿಪೂಜೆಯಲ್ಲಿ ಪರಮ ಪ್ರಸಾದಕ್ಕೆ ಮುನ್ನ ನಾವೆಲ್ಲ ಹೇಳುವ ಪ್ರಾರ್ಥನೆ ಈ ಶತಾಧಿಪತಿಯ ಬಾಯಿಂದ ಬಂದದ್ದು. ಕಾಯಿಲೆಯ ಆಳಿಗಾಗಿ ಮರುಗಿದ ಒಬ್ಬ ಮಾಲೀಕನ ಮಾತನ್ನು ಪ್ರತಿ ಭಾನುವಾರ ಹೇಳಿ ಪ್ರಭುವನ್ನು ಸ್ವೀಕರಿಸುತ್ತೇವೆ. ಸೋಮವಾರ ನಾವು ಯಾವ ಯಜಮಾನರಾಗಿರುತ್ತೇವೆ?

ಯಜಮಾನರೆಂದರೆ ಕಾರ್ಖಾನೆ ಇರುವವರು ಮಾತ್ರವಲ್ಲ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಜ್ವರ ಬಂದಾಗ, ‘ನೆಲ ಬೇಡಮ್ಮಾ, ಪಾತ್ರೆಯೊಂದು ತೊಳೆದು ಹೋಗು’ ಎಂದವರು ನಾವೇ. ಆ ದಿನದ ಕೂಲಿ ಹಿಡಿದವರೂ ನಾವೇ. ಮನೆಯ ತಾಯಿ ಮಲಗಿದಾಗ, ಸಾರಿಗೆ ಹುಣಸೆ ಎಷ್ಟು ಹಾಕಬೇಕೆಂದು ಮಂಚದವರೆಗೂ ಹೋಗಿ ಕೇಳಿದವರೂ ನಾವೇ.

ದಾಖಲೆ ಪುಸ್ತಕದ ಒಂದು ಪುಟ

ಇಷ್ಟೆಲ್ಲ ಬರೆದು ನನ್ನ ತಪ್ಪನ್ನು ಮುಚ್ಚಿಟ್ಟರೆ ನಾನು ಫರಿಸಾಯನಾಗುತ್ತೇನೆ. ಹಿಂದೆ ಸೇವೆ ಮಾಡಿದ ಒಂದು ಧರ್ಮಕೇಂದ್ರದಲ್ಲಿ ಕಚೇರಿಯ ಕೆಲಸ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳಿಗೆ ಚಿಕುನ್‌ಗುನ್ಯ ಬಂತು. ಅದು ಮದುವೆಗಳ ಕಾಲ. ಮೊದಲ ದಿನ ಬೀರುವಿನ ಬೀಗದ ಕೈ ಎಲ್ಲಿದೆಯೆಂದು ಫೋನ್ ಮಾಡಿದೆ. ಎರಡನೆಯ ದಿನ ಯಾರದೋ ಜ್ಞಾನಸ್ನಾನದ ಪತ್ರದ ವಿಷಯ ಕೇಳಿದೆ. ಮೂರನೆಯ ದಿನ, “ಕೂತು ಬರೆಯುವ ಕೆಲಸ ತಾನೇ ಅಮ್ಮಾ, ಹೇಗೂ ಮನೆಯಲ್ಲೇ ಇದ್ದೀರಲ್ಲ” ಎಂದು ಹೇಳಿ ದಾಖಲೆ ಪುಸ್ತಕವನ್ನೇ ಅವರ ಮನೆಗೆ ಕಳುಹಿಸಿದೆ. ಆಕೆ ಒಂದು ಮಾತೂ ಆಡಲಿಲ್ಲ. ಬರೆದು ಕಳುಹಿಸಿದರು.

ಆಕೆಯ ಅಕ್ಷರ ಮುತ್ತು ಪೋಣಿಸಿದಂತೆ ಇರುತ್ತಿತ್ತು. ಆ ಒಂದು ಪುಟದಲ್ಲಿ ಮಾತ್ರ ಅಕ್ಷರಗಳು ಸೊಟ್ಟಗಾಗಿ, ಗೆರೆ ಬಿಟ್ಟು ಕೆಳಗಿಳಿದಿವೆ. ಊದಿಕೊಂಡ ಬೆರಳುಗಳಿಂದ ಬರೆದದ್ದು. ತಿಂಗಳುಗಳ ಮೇಲೆ ಯಾವುದೋ ಪ್ರಮಾಣಪತ್ರ ಕೊಡಲು ಪುಸ್ತಕ ತೆರೆದಾಗ ಆ ಪುಟ ನನ್ನ ಕಣ್ಣಿಗೆ ಬಿತ್ತು. ನಾನು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. “ಬಿಡಿ ಫಾದರ್, ದೇವರ ಕೆಲಸ ತಾನೇ” ಎಂದರು. ಆ ಉತ್ತರ ನನ್ನನ್ನು ಇನ್ನೂ ಹೆಚ್ಚು ಚುಚ್ಚಿತು. ‘ದೇವರ ಕೆಲಸ’ ಎಂಬ ಹೆಸರಿನಿಂದ ಆಕೆಗೆ ಇಲ್ಲ ಎನ್ನುವ ದಾರಿಯನ್ನೇ ನಾನು ಮುಚ್ಚಿದ್ದೆ. ದಾಖಲೆ ಪುಸ್ತಕವನ್ನು ನಾಶಮಾಡುವಂತಿಲ್ಲ. ಆ ಪುಟ ಅಲ್ಲಿ ಇರುತ್ತದೆ.

ಹಾಗಾದರೆ ಏನು ಮಾಡಬೇಕು?

ಮಾಲೀಕರಿಗೆ, ಮೇಲಧಿಕಾರಿಗಳಿಗೆ ನನ್ನ ವಿನಂತಿ: ಫೋನ್ ಎತ್ತುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಮನುಷ್ಯ ಆಸ್ಪತ್ರೆಯ ಐಸಿಯುನಲ್ಲಿದ್ದರೆ ಇವತ್ತು ಏನು ಮಾಡುತ್ತಿದ್ದೆ? ಆಗ ಇದ್ದ ದಾರಿ ಈಗಲೂ ಇದೆ. ಬೀರುವಿನ ಬೀಗದ ಕೈ ಎಲ್ಲಿದೆ ಎಂಬಂತಹ ಒಂದು ಪ್ರಶ್ನೆ ಅನಿವಾರ್ಯವಾದರೆ ಕೇಳಿ, ಕ್ಷಮೆ ಬೇಡಿ, ಅಲ್ಲಿಗೆ ನಿಲ್ಲಿಸಿ. ಕೆಲಸವನ್ನು ಕಳುಹಿಸಬೇಡಿ. ಕಾಯಿಲೆಯ ಕಾಲ ಬರುವ ಮೊದಲೇ ಇನ್ನೊಬ್ಬರಿಗೆ ಆ ಕೆಲಸ ಕಲಿಸಿಡಿ. ಒಬ್ಬನ ಬೆನ್ನಿನ ಮೇಲೆ ಇಡೀ ಸಂಸ್ಥೆ ನಿಂತಿದ್ದರೆ ಆ ಬೆನ್ನು ಮುರಿದ ದೋಷ ಪೂರ್ತಿ ಬೆನ್ನಿನದಲ್ಲ. ಮಾಡಿಸಲೇಬೇಕಾದರೆ ಆ ದಿನವನ್ನು ರಜೆಯಿಂದ ಕಳೆಯಬೇಡಿ. ಅದು ಕನಿಷ್ಠ ನ್ಯಾಯ.

ಕಾಯಿಲೆಯಲ್ಲಿರುವವರಿಗೆ: ರಜೆಯ ಮೊದಲ ದಿನವೇ ವಿನಯದಿಂದ, ಸ್ಪಷ್ಟವಾಗಿ ತಿಳಿಸಿ. ವೈದ್ಯರ ಚೀಟಿಯನ್ನು ಜೊತೆಗಿಡಿ. ಆಗುವಷ್ಟನ್ನು ಹೇಳಿ, ಆಗದ್ದನ್ನೂ ಹೇಳಿ. ಇಲ್ಲ ಎನ್ನುವುದು ವಿಧೇಯತೆಗೆ ವಿರುದ್ಧವಲ್ಲ. ಒಡೆಯನಿಗೆ ಸಲ್ಲಬೇಕಾದ ವಿಧೇಯತೆ ಒಪ್ಪಂದದ ಕೆಲಸಕ್ಕೆ, ಒಪ್ಪಂದದ ಕಾಲಕ್ಕೆ. ಇಲ್ಲ ಎಂದರೆ ಕೆಲಸವೇ ಹೋಗುವ ಸ್ಥಿತಿಯಲ್ಲಿ ಇರುವವರೂ ಇದ್ದೀರಿ ಎಂದು ಬಲ್ಲೆ. ಮಕ್ಕಳ ಅನ್ನಕ್ಕಾಗಿ ಹಾಸಿಗೆಯಿಂದ ದುಡಿದರೆ ನಿಮ್ಮ ಮೇಲೆ ಪಾಪವಿಲ್ಲ, ಅದು ನಿಮ್ಮನ್ನು ಆ ಸ್ಥಿತಿಗೆ ತಳ್ಳಿದವರ ಲೆಕ್ಕ. ನಿಮ್ಮ ದೇಹವನ್ನು ದೇವರು ನೋಡುತ್ತಿದ್ದಾರೆ.

ಉಳಿದವರಿಗೆ: ಜೊತೆಗಾರನ ಕೆಲಸದಲ್ಲಿ ಒಂದು ಪಾಲನ್ನು ಹೊತ್ತುಕೊಳ್ಳಿ. ಅದೂ ಕಾಯಿಲೆಯವರ ಸೇವೆಯೇ. ಕಿರು ಕ್ರೈಸ್ತ ಸಮುದಾಯದವರು ಹಣ್ಣಿನ ಚೀಲ ಹಿಡಿದು ಹೋಗುವುದರ ಜೊತೆಗೆ, ‘ಕಚೇರಿಯವರು ಬಿಡುತ್ತಿದ್ದಾರೆಯೇ? ಈ ತಿಂಗಳ ಬಾಡಿಗೆಗೆ ಏನಾದರೂ ಬೇಕೇ?’ ಎಂದು ಕೇಳಿ. ಸಂತ ವಿನ್ಸೆಂಟ್ ದೆ ಪಾಲ್ ಸಂಘದವರು ಇರುವುದೇ ಇಂತಹ ಮನೆಗಳಿಗಾಗಿ. ಬೆಂಬಲವಿದೆ ಎಂದು ಗೊತ್ತಾದರೆ ಇಲ್ಲ ಎನ್ನಲು ಬಾಯಿ ಬರುತ್ತದೆ.

ಆ ಸಹೋದರರನ್ನು ಮತ್ತೆ ಭೇಟಿಯಾಗಿ ಇಷ್ಟನ್ನೂ ಹೇಳಿದೆ. ಅವರು ತಮ್ಮ ಮಾಲೀಕರಿಗೆ ಒಂದು ಪತ್ರ ಬರೆದರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಹತ್ತು ನಿಮಿಷ, ಒಟಿಪಿ ಹೇಳಲು ಮತ್ತು ಹೊಸ ಹುಡುಗನ ಸಂದೇಹಕ್ಕೆ ಉತ್ತರಿಸಲು, ಅದೂ ಆತ ಕೆಲಸ ಕಲಿಯುವವರೆಗೆ ಮಾತ್ರ. ಉಳಿದ ಹೊತ್ತು ಫೋನ್ ಸಿಗುವುದಿಲ್ಲ. ಮಾಲೀಕರಿಗೆ ಮೊದಲು ಬೇಸರವಾಯಿತಂತೆ. ಎರಡು ದಿನ ಮಾತನಾಡಲಿಲ್ಲ. ಮೂರನೆಯ ದಿನ ಹೊಸ ಹುಡುಗನ ಕೈಲಿ ಫೋನ್ ಮಾಡಿಸಿದರು, ಸರಿಯಾಗಿ ಹನ್ನೊಂದಕ್ಕೆ. ಎಲ್ಲ ಕಡೆ ಹೀಗೇ ಆಗುತ್ತದೆಂದು ನಾನು ಭರವಸೆ ಕೊಡಲಾರೆ. ಒಂದು ಕಡೆ ಆಯಿತು.

ಮುಂದಿನ ತಿಂಗಳ ಮೊದಲ ಶುಕ್ರವಾರ ಆ ಮನೆಗೆ ಹೋದಾಗ ಮೇಜಿನ ಮೇಲೆ ಎಂದಿನಂತೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದ ಬತ್ತಿಗಳಿದ್ದವು. ದಿಂಬು ತಲೆಯ ಕೆಳಗಿತ್ತು. ಪ್ರಾರ್ಥನೆಯ ನಡುವೆ ಎಲ್ಲೋ ಫೋನ್ ಸದ್ದಾಯಿತು. ಆತ ನನ್ನತ್ತ ನೋಡಲಿಲ್ಲ, ಬಾಗಿಲತ್ತಲೂ ನೋಡಲಿಲ್ಲ. ತಾಯಿ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿ ಬಂದರು. ಶತಾಧಿಪತಿಯ ಆ ಪ್ರಾರ್ಥನೆಯನ್ನು ಎಲ್ಲರೂ ಸೇರಿ ಹೇಳಿದೆವು.

ಕಾಯಿಲೆಯಲ್ಲಿರುವ ನಮ್ಮೆಲ್ಲ ಸಹೋದರ ಸಹೋದರಿಯರಿಗೆ ಪ್ರಭು ಯೇಸು ಆರೋಗ್ಯವನ್ನೂ ನೆಮ್ಮದಿಯ ನಿದ್ದೆಯನ್ನೂ ದಯಪಾಲಿಸಲಿ. ಅವರ ಬಾಗಿಲ ಹೊರಗೆ ನಿಲ್ಲುವ ವಿವೇಕವನ್ನು ನಮಗೂ ಕೊಡಲಿ.